ಸೊಳ್ಳೆ ಎಲ್ಲಿಗೂ ಹೋಗುವುದಿಲ್ಲ

ಭೌತಶಾಸ್ತ್ರ ಓದಿದವರ ಕೈಗೆ ಏನೇ ಸಿಗಲಿ, ಮೊದಲು ಅದರ ಕೈಕಾಲು ಕಿತ್ತು ಒಂದು ಬಿಂದು ಮಾಡಿಬಿಡುತ್ತಾರೆ. ತೊಪ್ಪೂರು ಘಾಟಿಯಲ್ಲಿ ಬ್ರೇಕು ಕಿರುಗುಟ್ಟಿಸುತ್ತ ಇಳಿಯುವ ಲಾರಿ ಅವರಿಗೊಂದು ಬಿಂದು. ಮುಂದುಗಡೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಕೊಂಡು, ಮುನಿಯಪ್ಪ ದೇವರ ಮೇಲೆ ಭಾರ ಹಾಕಿ ಕೂತ ಡ್ರೈವರು ಲೆಕ್ಕಕ್ಕೇ ಇಲ್ಲ. ಸೂರ್ಯನೂ ಬಿಂದು, ಭೂಮಿಯೂ ಬಿಂದು. ವರ್ಷಗಟ್ಟಲೆ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡಿ ಸಂಬಳ ತೆಗೆದುಕೊಂಡವನು ನಾನು. ಈ ವಿದ್ಯೆಯನ್ನು ಬೈಯುವ ಹಕ್ಕು ನನಗಿಲ್ಲ. ಅವರು ಒಂದಲ್ಲ ಒಂದು ದಿನ ಸೊಳ್ಳೆಯ ಮೇಲೂ ಕಣ್ಣು ಹಾಕುತ್ತಾರೆಂದು ಮಾತ್ರ ಮೊದಲೇ ಊಹಿಸಬಹುದಿತ್ತು. ಎರಡು-ಮೂರು ಮಿಲಿಗ್ರಾಂ ತೂಗುವ ಆ ಪ್ರಾಣಿ ಹುಟ್ಟಿನಿಂದಲೇ ಹೆಚ್ಚುಕಡಿಮೆ ಬಿಂದು. ಕೈಕಾಲು ಕೀಳುವ ಶ್ರಮವೂ ಉಳಿಯಿತು.

ಸೇಲಂನ ಗುಗೈಯಲ್ಲಿ ನನ್ನ ಸೋದರಮಾವನ ಮನೆ. ಬೀದಿಯಲ್ಲಿ ತಮಿಳು, ಹೊಸಿಲು ದಾಟಿದರೆ ದೇವಾಂಗರ ಕನ್ನಡ, ಜಗಲಿಯ ಮೇಲೆ ಎರಡೂ ಕಲೆತ ಮಾತು. ಮುಂದಿನ ಕೋಣೆಯಲ್ಲಿ ಗುಂಡಿಮಗ್ಗ. ಅದರ ಮೇಲೆ ಸೇಲಂಗೆ ಹೆಸರು ತಂದ ಬಿಳಿ ರೇಷ್ಮೆ ಪಂಚೆ ಇಷ್ಟಿಷ್ಟೇ ಬೆಳೆಯುತ್ತದೆ. ಮಾವ ನೆಲದ ಮಟ್ಟದಲ್ಲಿ ಕೂತು ಕಾಲೆರಡನ್ನೂ ಗುಂಡಿಯೊಳಗೆ ಇಳಿಬಿಟ್ಟಿರುತ್ತಾರೆ. ಒಂದು ಕೈ ಲಾಳಿಯ ಹಗ್ಗದಲ್ಲಿ, ಇನ್ನೊಂದು ಹೊಕ್ಕು ಬಡಿಯುವುದರಲ್ಲಿ, ಕಾಲು ಹಲಗೆ ತುಳಿಯುವುದರಲ್ಲಿ. ಅಂದರೆ ಮನುಷ್ಯನಿಗೆ ದೇವರು ಕೊಟ್ಟ ನಾಲ್ಕೂ ಅಂಗಕ್ಕೆ ಪುರಸೊತ್ತಿಲ್ಲ. ಕಾಲ್ಗಂಟಿನ ಸುತ್ತ ಗುಂಡಿಯ ಕತ್ತಲು, ತಂಪು. ಹಗಲುಹೊತ್ತಿನಲ್ಲೇ ಕಚ್ಚುವ, ಅದರಲ್ಲೂ ಮೊಣಕಾಲ ಕೆಳಗೇ ಹೆಚ್ಚಾಗಿ ಕಚ್ಚುವ ಬಿಳಿಪಟ್ಟೆ ಕಾಲಿನ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಬೇಕೆಂದೇ ಯಾರೂ ಮಾಡಿಕೊಡಲಾರರು. ಲಾಳಿ ಓಡುವ ಸದ್ದು ನಡುವೆ ಒಮ್ಮೆಲೇ ನಿಂತಿತೆಂದರೆ ನೂಲು ಹರಿದಿರಬೇಕು, ಇಲ್ಲವೇ ಮಾವ ಕಾಲು ಕೆರೆದುಕೊಳ್ಳುತ್ತಿರಬೇಕು.

"ಇದು ಎಲ್ಲಿಂದ ಬರ್ತದಪ್ಪ? ನೀನು ಓದ್ದೋನಲ್ಲವಾ, ಹೇಳು" ಎಂದು ಒಮ್ಮೆ ಕೇಳಿದರು.

ಗುಗೈಯಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವಿದೆ: ತಿರುಮಣಿಮುತ್ತಾರು. ಹೆಸರಿನಲ್ಲಿ ಮಣಿ, ಮುತ್ತು ಎರಡನ್ನೂ ಇಟ್ಟುಕೊಂಡ ಆ ನದಿ ಊರೊಳಗೆ ಹರಿಯುವಾಗ ಚರಂಡಿಯ ನೀರನ್ನೂ ಬಣ್ಣದ ಕಾರ್ಖಾನೆಯ ನೀರನ್ನೂ ಹೊತ್ತು ಬೇರೆಯೇ ಸ್ವರೂಪ ತಾಳುತ್ತದೆ. ಊರಿನ ಸಕಲ ಸೊಳ್ಳೆಗೂ ಅದೇ ತವರು ಎಂಬುದು ಜನರ ನಂಬಿಕೆ. ನದಿ ಇಲ್ಲದ ಬೀದಿಯವರು ಸಬ್ಬಕ್ಕಿ ಕಾರ್ಖಾನೆಯ ಕೊಳಚೆ ಹೊಂಡದ ಕಡೆ ಕೈ ತೋರಿಸುತ್ತಾರೆ. ಅದೂ ಇಲ್ಲದವರಿಗೆ ಪಕ್ಕದ ಮನೆ ಇದ್ದೇ ಇದೆ. ಒಟ್ಟಿನಲ್ಲಿ ಸೊಳ್ಳೆ ಬರುವುದು ಹೊರಗಿನಿಂದ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಈ ಪ್ರಶ್ನೆಗೆ ಲೆಕ್ಕದಿಂದ ಉತ್ತರ ಹುಡುಕಿದವನು ರೊನಾಲ್ಡ್ ರಾಸ್. ಆಲ್ಮೋರದಲ್ಲಿ 1857ರಲ್ಲಿ ಹುಟ್ಟಿ, ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯನಾಗಿ, ನಡುನಡುವೆ ಕವಿತೆ ಕಾದಂಬರಿ ಬರೆದು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣು ಕಂಡು, 1902ರಲ್ಲಿ ನೊಬೆಲ್ ಪಡೆದವನು. ಇಷ್ಟು ಶಾಲೆಯ ಪುಸ್ತಕದಲ್ಲೇ ಇದೆ. ನನಗೆ ಇಷ್ಟವಾದದ್ದು ಅದಕ್ಕೂ ಹಿಂದಿನ ಬೆಂಗಳೂರಿನ ಕತೆ. 1883ರಲ್ಲಿ ಅವನನ್ನು ದಂಡಿನ ವೈದ್ಯನನ್ನಾಗಿ ಅಲ್ಲಿಗೆ ಹಾಕಿದ್ದರು. ಬಂಗಲೆಯೇನೋ ಚೆನ್ನಾಗಿತ್ತು, ಸೊಳ್ಳೆ ಮಾತ್ರ ವಿಪರೀತ. ಹುಡುಕಿ ನೋಡಿದರೆ ಕಿಟಕಿಯ ಹೊರಗೇ ಒಂದು ತೊಟ್ಟಿ, ಅದರ ತುಂಬ ಕುಣಿಯುವ ಮರಿಗಳು. ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಹೋಯಿತು. ಹಿಗ್ಗಿನಿಂದ ಮೇಲಧಿಕಾರಿಯ ಹತ್ತಿರ ಹೋಗಿ, ಅಧಿಕಾರಿಗಳ ಊಟದ ಮನೆಯಲ್ಲೂ ಹೀಗೇ ಮಾಡಬಹುದೆಂದು ಹೇಳಿದ. ಅಲ್ಲಿ ತೋಟದ ತೊಟ್ಟಿಗಳಲ್ಲಿ, ಹೂದಾನಿಗಳಲ್ಲಿ, ಊಟದ ಮೇಜಿನ ಕೆಳಗಿಟ್ಟ ನೀರಿನ ಡಬ್ಬಗಳಲ್ಲಿ ಎಲ್ಲೆಲ್ಲೂ ಮರಿಗಳು. ಮೇಲಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನೂ ಏನೋ ಉದ್ದೇಶದಿಂದಲೇ ಸೃಷ್ಟಿಸಿದ್ದಾರೆ, ಸೃಷ್ಟಿಯ ಕ್ರಮ ಕೆಡಿಸಬಾರದು, ಸಹಿಸಿಕೊಂಡಿರುವುದೇ ನಮ್ಮ ಧರ್ಮ ಎಂಬುದು ಅವನ ವಾದ. ಸರ್ಕಾರಿ ಕಡತವೊಂದನ್ನು ಇಷ್ಟು ದೈವಭಕ್ತಿಯಿಂದ ಮುಚ್ಚಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ರಾಸ್ ಅದನ್ನು ಮರೆತಂತೆ ಕಾಣುವುದಿಲ್ಲ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಭಾಷಣ ಮಾಡುತ್ತ ಒಂದು ಸಮಸ್ಯೆ ಎತ್ತಿದ. ಒಂದು ಊರಿನ ನೀರಿನ ಗುಂಡಿಗಳನ್ನೆಲ್ಲ ಮುಚ್ಚಿ ಸೊಳ್ಳೆ ಇಲ್ಲದಂತೆ ಮಾಡಿದೆವು ಎನ್ನಿ. ಹೊರಗಿನ ಸೊಳ್ಳೆ ಒಳಗೆ ಎಷ್ಟು ದೂರ ನುಗ್ಗಬಲ್ಲದು? ಲಾಹೋರಿನ ಹತ್ತಿರದ ಮಿಯಾಂ ಮೀರ್ ದಂಡಿನಲ್ಲಿ ಸೊಳ್ಳೆ ನಿರ್ಮೂಲನ ಮಾಡಲು ಹೋಗಿ ಕೈಸುಟ್ಟುಕೊಂಡವರು, ಹೊರಗಿಂದ ಬರುವುದನ್ನು ತಡೆಯಲಾಗದು ಎನ್ನುತ್ತಿದ್ದ ಕಾಲ ಅದು. ರಾಸ್ ಹೇಳಿದ್ದು: ಸೊಳ್ಳೆ ಬಾಣದ ಹಾಗೆ ನೆಟ್ಟಗೆ ಹೋಗುವುದಿಲ್ಲ. ಒಂದಿಷ್ಟು ಹಾರುತ್ತದೆ, ತಿರುಗುತ್ತದೆ, ಇನ್ನೊಂದಿಷ್ಟು ಹಾರುತ್ತದೆ, ಯಾವ ಕಡೆಗೆಂದು ಅದಕ್ಕೇ ಗೊತ್ತಿಲ್ಲ. ಹೀಗಿರುವಾಗ ಕೊನೆಗೆ ಎಲ್ಲಿರುತ್ತದೆ? ಲೆಕ್ಕ ಅರ್ಧಕ್ಕೆ ನಿಂತಿತು. ಸಂಖ್ಯಾಶಾಸ್ತ್ರದ ಘಟಾನುಘಟಿ ಕಾರ್ಲ್ ಪಿಯರ್ಸನ್‌ನ ನೆರವು ಕೇಳಿದ. ಪಿಯರ್ಸನ್ 1905ರ ಜುಲೈನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದನ್ನು ಎಲ್ಲರ ಮುಂದಿಟ್ಟ. ಲಾರ್ಡ್ ರ್‍ಯಾಲಿ ಕೂಡಲೇ ಬರೆದ: ಇದನ್ನು ನಾನು 1880ರಲ್ಲೇ, ಹಲವು ಸ್ವರಗಳು ಒಂದರ ಮೇಲೊಂದು ಬಿದ್ದಾಗ ಒಟ್ಟು ಸದ್ದು ಎಷ್ಟಾಗುತ್ತದೆಂದು ನೋಡುವಾಗ, ಬಿಡಿಸಿದ್ದೆನಲ್ಲ! ಹೀಗೆ ಸೊಳ್ಳೆಯ ಪ್ರಶ್ನೆಗೆ ಸಂಗೀತದ ಕಡೆಯಿಂದ ಉತ್ತರ ಬಂತು. ರಾತ್ರಿ ಕಿವಿಯ ಬಳಿ ಅದರ ಕಛೇರಿ ಕೇಳಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು.

ಪಿಯರ್ಸನ್ ತೆಗೆದ ನೀತಿಯೂ ಸೊಗಸಾಗಿತ್ತು. ಹೇಗೋ ಕಾಲ ಮೇಲೆ ನಿಲ್ಲಬಲ್ಲ ಕುಡುಕನನ್ನು ಬಯಲಿನಲ್ಲಿ ಹುಡುಕಬೇಕಾದರೆ ಎಲ್ಲೆಲ್ಲೋ ಹೋಗಬೇಡಿ, ಹೊರಟ ಜಾಗದ ಆಸುಪಾಸಿನಲ್ಲೇ ನೋಡಿ ಎಂಬುದು ಅದರ ತಾತ್ಪರ್ಯ. ಲೆಕ್ಕ ಸರಳ. ಒಂದು ಸಲಕ್ಕೆ ಹತ್ತು ಮೀಟರಿನಂತೆ ನೂರು ಸಲ ನೆಟ್ಟಗೆ ಹಾರಿದರೆ ಸಾವಿರ ಮೀಟರ್ ಆಯಿತು. ಪ್ರತಿ ಸಲವೂ ದಿಕ್ಕು ತಪ್ಪಿ ಹಾರಿದರೆ ಸರಾಸರಿಯಲ್ಲಿ ಸಿಗುವುದು ಸುಮಾರು ನೂರೇ ಮೀಟರ್. ದೂರ ಎರಡರಷ್ಟಾಗಬೇಕಾದರೆ ಹೊತ್ತು ನಾಲ್ಕರಷ್ಟು ಬೇಕು. ಅದೇ 1905ರಲ್ಲಿ ಬರ್ನ್ ಊರಿನ ಪೇಟೆಂಟ್ ಕಚೇರಿಯ ನೌಕರ ಐನ್‌ಸ್ಟೈನ್ ನೀರಿನಲ್ಲಿ ನಡುಗುವ ಕಣಗಳ ಬಗ್ಗೆ ಬರೆದ ಪ್ರಬಂಧದಲ್ಲೂ ಇದೇ ವರ್ಗಮೂಲ. ಕುಡುಕ, ಕಣ, ಸೊಳ್ಳೆ, ಮೂವರಿಗೂ ಒಂದೇ ಕಾನೂನು. ಸಮಾನತೆ ಎಂದರೆ ಇದು.

ನಿಜವಾದ ಸೊಳ್ಳೆಗೆ ಗಾಳಿ ಇದೆ, ವಾಸನೆ ಇದೆ, ನಾವು ಬಿಡುವ ಉಸಿರಿನ ಜಾಡು ಹಿಡಿದು ಬರುವ ಚಾಕಚಕ್ಯತೆ ಇದೆ. ಮಲೇರಿಯಾದ ಅನಾಫಿಲಿಸ್ ಒಂದೆರಡು ಕಿಲೋಮೀಟರ್ ದಾಟಬಲ್ಲದು. ಆದರೆ ಡೆಂಗ್ಯೂ, ಚಿಕುನ್‌ಗುನ್ಯಾ ಹೊರುವ ಈಡಿಸ್ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಸುತ್ತಲೇ ಜೀವನ ಮುಗಿಸುತ್ತದೆ. ಅದಕ್ಕೆ ಕೊಳಚೆ ಹಿಡಿಸದು. ಮೊಟ್ಟೆಯಿಡಲು ತಿಳಿನೀರೇ ಬೇಕು. ತಿರುಮಣಿಮುತ್ತಾರಿನ ನೀರನ್ನು ಅದು ಮೂಸಿಯೂ ನೋಡುವುದಿಲ್ಲ. ಅಲ್ಲಿ ಹುಟ್ಟುವುದು ಇನ್ನೊಂದು ಜಾತಿ, ಕ್ಯೂಲೆಕ್ಸ್, ರಾತ್ರಿಪಾಳಿಯದು. ಹಾಗಾಗಿ ಮಾವನಿಗೆ ನಾನು ಹೇಳಬೇಕಾದ ಉತ್ತರ ಇಷ್ಟೇ ಆಗಿತ್ತು: ಹಗಲಲ್ಲಿ ನಿಮ್ಮ ಕಾಲು ಕಚ್ಚುವುದು ನಿಮ್ಮ ಮನೆಯದೇ, ಮಾವ.

ಮಾತು ಮುಗಿಯುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. ಮನೆಯ ಸ್ವಚ್ಛತೆಯ ಬಗ್ಗೆ ಆಡಿದ ಮಾತು ಎಷ್ಟು ಗೋಡೆ ದಾಟುತ್ತದೆ ಎಂಬುದಕ್ಕೆ ಯಾವ ವರ್ಗಮೂಲವೂ ಇಲ್ಲ.

"ಬಂದು ನೋಡು" ಎಂದರು. ಹಿತ್ತಲಿನಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಸಿಮೆಂಟಿನ ತೊಟ್ಟಿ, ಸಾಲಾಗಿ ಬಣ್ಣಬಣ್ಣದ ಕೊಡಗಳು. ಟಾರ್ಚು ಹಾಕಿ ಡ್ರಮ್ಮಿನೊಳಗೆ ಬಗ್ಗಿದೆ. ಮೊದಲು ಏನೂ ಕಾಣಲಿಲ್ಲ. ನನ್ನ ತಲೆಯ ನೆರಳು ಬಿದ್ದಕೂಡಲೇ ನೀರಿನ ಮೇಲ್ಮೈಯಿಂದ ದಾರದ ಚೂರಿನಂಥ ಏನೋ ಕೊಂಕುತ್ತ, ಬಿಚ್ಚುತ್ತ ತಳಕ್ಕೆ ಓಡಿದವು. ಅಲುಗಾಡದೆ ಕಾದೆ. ಒಂದೊಂದಾಗಿ ಮೇಲೆ ಬಂದು, ಬಾಲದ ತುದಿಯ ಕೊಳವೆಯನ್ನು ನೀರಿನ ತೊಗಲಿಗೆ ಚುಚ್ಚಿ, ತಲೆ ಕೆಳಗಾಗಿ ನೇತುಬಿದ್ದವು. ನೀರಿನ ಮೇಲ್ಮೈಯ ಎಳೆತವೇ ಅವಕ್ಕೆ ಚಾವಣಿ. ಅದೇ ಅನಾಫಿಲಿಸ್‌ನ ಮರಿಯಾದರೆ ಹೀಗೆ ನೇತಾಡುವುದಿಲ್ಲ, ಮೇಲ್ಮೈಗೆ ಸಮನಾಗಿ ಮಲಗಿದಂತಿರುತ್ತದೆ. ಸ್ವಲ್ಪ ಎಣ್ಣೆ ಬಿಟ್ಟರೆ ಆ ಎಳೆತ ಮುರಿದು ಮರಿಗಳು ಉಸಿರುಗಟ್ಟುತ್ತವೆ ಎಂದು ವಿವರಿಸಲು ಹೊರಟೆ.

"ಕುಡಿಯೋ ನೀರಿಗೆ ಎಣ್ಣೆ ಬಿಡ್ಲಾ?" ಎಂದರು ಅತ್ತೆ.

ನೀರು ದಿನಾ ಬರುವುದಿಲ್ಲ. ಬಂದಾಗ ಇದ್ದಬದ್ದ ಪಾತ್ರೆಗೆಲ್ಲ ಹಿಡಿದಿಡಬೇಕು. ಮುಚ್ಚಳ ಎಲ್ಲಿ ಎಂದು ಕೇಳಿದ್ದಕ್ಕೆ ಅವರು ತಾರಸಿಯ ಕಡೆ ನೋಡಿದರು. ಡ್ರಮ್ಮಿನ ಅಗಲವಾದ ಮುಚ್ಚಳದ ಮೇಲೆ ಸಬ್ಬಕ್ಕಿ ಸಂಡಿಗೆ ಒಣಗುತ್ತಿತ್ತು. ಸಬ್ಬಕ್ಕಿಗೇ ಹೆಸರಾದ ಸೇಲಂನಲ್ಲಿ ಸಂಡಿಗೆ ಹಾಕುವುದು ಬೇಡ ಎನ್ನುವ ಧೈರ್ಯ ಯಾವ ಆರೋಗ್ಯಾಧಿಕಾರಿಗಿದೆ? ಅಡುಗೆಮನೆಯ ತಿಂಡಿ ಕಪಾಟಿನ ನಾಲ್ಕು ಕಾಲಿಗೂ ಇರುವೆ ಹತ್ತದಂತೆ ನೀರಿನ ಬಟ್ಟಲು. ಅದರಲ್ಲೂ ಒಂದೆರಡು ಕೊಂಕುತ್ತಿದ್ದವು. 1883ರ ಬೆಂಗಳೂರಿನ ದಂಡಿನಲ್ಲಿ ರಾಸ್ ಕಂಡ ಡಬ್ಬಗಳೂ ಬಹುಶಃ ಇದೇ ಕೆಲಸಕ್ಕೆ ಇದ್ದವು.

ಈಚೆಗೆ ಸೊಳ್ಳೆರೋಗದ ಲೆಕ್ಕ ಬಹಳ ದೂರ ಹೋಗಿದೆ. ಅಮೆರಿಕದ ಎಂಐಟಿಯ ಬಾಂಬ್ಲಿಸ್, ಎಲ್ತಾಹಿರ್ ಮತ್ತು ಸಂಗಡಿಗರು ಆಫ್ರಿಕದ ನೈಜರ್ ದೇಶದ ಬನಿಜುಂಬು ಎಂಬ ಹಳ್ಳಿಯನ್ನು ಪೂರ್ತಿ ಕಂಪ್ಯೂಟರಿನೊಳಗೆ ಇಳಿಸಿ 2008ರಲ್ಲಿ ಪ್ರಕಟಿಸಿದರು. ಮಳೆ ಬೀಳುತ್ತದೆ, ನೆಲದ ಇಳಿಜಾರು ನೋಡಿಕೊಂಡು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ, ಬಿಸಿಲಿಗೆ ಇಷ್ಟು ಆವಿ, ಮಣ್ಣಿಗೆ ಇಷ್ಟು. ಮರಿ ಸೊಳ್ಳೆಯಾಗುವುದರೊಳಗೆ ಹೊಂಡ ಬತ್ತಿದರೆ ಆ ಸಲದ ಸಂಸಾರ ಮುಗಿಯಿತು, ಬತ್ತದಿದ್ದರೆ ಸೊಳ್ಳೆ ಎದ್ದಿತು. ಎದ್ದ ಒಂದೊಂದು ಸೊಳ್ಳೆಯೂ ಯಾವ ಗುಡಿಸಿಲ ಕಡೆ ಹಾರಿತೆಂಬ ಲೆಕ್ಕವೂ ಉಂಟು. ಓದಿ ನನಗೆ ಹೊಟ್ಟೆಕಿಚ್ಚಾಯಿತು. ಎಂಥ ಶುದ್ಧ ಭೌತಶಾಸ್ತ್ರ! ಇದನ್ನೇ ಗುಗೈಗೆ ತಂದರೆ ಮೊದಲ ಸಾಲಿಗೇ ತಡೆ. ಇಲ್ಲಿ ಡ್ರಮ್ಮಿಗೆ ನೀರು ಬರುವುದು ಮೋಡದಿಂದಲ್ಲ, ವಾಲ್ವ್‌ಮನ್‌ನ ಕೈಯಿಂದ. ಮಳೆ ಇಲ್ಲದ ಬೇಸಿಗೆಯಲ್ಲೂ ಈಡಿಸ್‌ಗೆ ಬರವಿಲ್ಲ. ಬರ ಬಂದಷ್ಟೂ ಜನ ಹೆಚ್ಚು ಹಿಡಿದಿಡುತ್ತಾರೆ. ಮೋಡದ ಮನಸ್ಸನ್ನು ಹವಾಮಾನ ಇಲಾಖೆಯವರು ಸುಮಾರಾಗಿ ಊಹಿಸುತ್ತಾರೆ. ವಾಲ್ವ್‌ಮನ್‌ನ ಮನಸ್ಸಿಗೆ, ಸಂಡಿಗೆ ಒಣಗುವ ದಿನಗಳಿಗೆ ಇನ್ನೂ ಸಮೀಕರಣ ಸಿಕ್ಕಿಲ್ಲ.

ಧರ್ಮಪುರಿಯ ಕಡೆಯೂ ಇದೇ ಕತೆ, ಕಾರಣ ಬೇರೆ. ಅಲ್ಲಿ ನೆಲದೊಳಗಿನ ನೀರಿನಲ್ಲಿ ಫ್ಲೋರೈಡ್; ತಲೆಮಾರುಗಟ್ಟಲೆ ಹಲ್ಲು ಹಳದಿ, ಮೂಳೆ ಬಾಗು. ಅದಕ್ಕೆಂದೇ ಹೊಗೇನಕಲ್‌ನಿಂದ ಕಾವೇರಿ ನೀರು ಒಯ್ಯುವ ದೊಡ್ಡ ಯೋಜನೆ ಬಂದು 2013ರಲ್ಲಿ ಶುರುವಾಯಿತು. 2008ರಲ್ಲಿ ಅದರ ಹೆಸರಿನಲ್ಲಿ ಗಡಿಯ ಎರಡೂ ಕಡೆ ಆದ ಗಲಾಟೆ ನಮಗೆಲ್ಲ ನೆನಪಿದೆ. ಒಳ್ಳೆಯ ನೀರು ಬಂದದ್ದು ನಿಜವಾಗಿಯೂ ಒಳ್ಳೆಯದೇ. ಆದರೆ ಒಳ್ಳೆಯ ನೀರೆಂದ ಮೇಲೆ ಅದನ್ನು ಚೆಲ್ಲಲು ಮನಸ್ಸು ಬರುತ್ತದೆಯೇ? ಕಾವೇರಿ ನೀರು ತುಂಬಿದ ಕೊಡವನ್ನು ವಾರಕ್ಕೊಮ್ಮೆ ಬರಿದು ಮಾಡಿ, ಒಳಗೆ ತಿಕ್ಕಿ, ಒಣಗಿಸಿ ಎಂದು ಪೆಣ್ಣಾಗರದ ಅಜ್ಜಿಗೆ ಹೇಳಿ ನೋಡಿ. ತಿಕ್ಕಲೇಬೇಕು, ಬರೀ ಚೆಲ್ಲಿದರೆ ಸಾಲದು. ಈಡಿಸ್ ಮೊಟ್ಟೆಯಿಡುವುದು ನೀರಿನ ಅಂಚಿಗಿಂತ ಕೊಂಚ ಮೇಲೆ, ಪಾತ್ರೆಯ ಗೋಡೆಗೆ. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಕಾದಿದ್ದು, ನೀರು ಮುಟ್ಟಿದ ದಿನ ಒಡೆಯುತ್ತದೆ.

ಇನ್ನು ಬಿಸಿಲಿನ ವಿಚಾರ. ಸೇಲಂನಿಂದ ಯೇರ್ಕಾಡಿಗೆ 20 ಹೇರ್‌ಪಿನ್ ತಿರುವು. ಕೆಳಗೆ ಬೆವರುತ್ತ ಬಸ್ಸು ಹತ್ತಿದವನು ಮೇಲೆ ಸ್ವೆಟರ್ ಹುಡುಕುತ್ತಾನೆ. ಬೆಟ್ಟದ ಮೇಲೆ ರೋಗ ಕಡಿಮೆ ಎಂಬುದನ್ನು ಹಿಂದಿನವರು ಒಳ್ಳೆ ಗಾಳಿ ಎಂದು ವಿವರಿಸುತ್ತಿದ್ದರು. ಲೆಕ್ಕ ಬೇರೆಯೇ ಹೇಳುತ್ತದೆ. ಸೊಳ್ಳೆ ರೋಗಿಯ ರಕ್ತ ಕುಡಿದ ತಕ್ಷಣ ರೋಗ ಹರಡಲಾರದು. ಜೀವಾಣು ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿಗೆ ಬರಬೇಕು, ಅದಕ್ಕೆ ಶಾಖ ಬೇಕು. ಮಾರಕ ಮಲೇರಿಯಾದ ಫಾಲ್ಸಿಪೇರಂಗೆ ಒಂದು ಹಳೆಯ ಸೂತ್ರವಿದೆ: ದಿನದ ಸರಾಸರಿ ಉಷ್ಣತೆಯಲ್ಲಿ 16 ಕಳೆಯಿರಿ, ಉಳಿದದ್ದರಿಂದ 111 ಅನ್ನು ಭಾಗಿಸಿ, ಬಂದಷ್ಟು ದಿನ ಬೇಕು. 28 ಡಿಗ್ರಿಯಿದ್ದರೆ ಒಂಬತ್ತು ದಿನದ ಮೇಲೆ ಚೂರು. 22 ಡಿಗ್ರಿಯಿದ್ದರೆ ಹದಿನೆಂಟೂವರೆ ದಿನ. ಅಷ್ಟು ದಿನ ಸೊಳ್ಳೆ ಬದುಕಿರಬೇಕಲ್ಲ! ದಿನಕ್ಕೆ ನೂರರಲ್ಲಿ ಹತ್ತು ಸಾಯುತ್ತವೆ ಎಂದಿಟ್ಟುಕೊಂಡರೆ, ಕೆಳಗಿನ ಸೆಕೆಯಲ್ಲಿ ನೂರಕ್ಕೆ 38 ಆ ದಿನ ಕಾಣುತ್ತವೆ, ಮೇಲಿನ ತಂಪಿನಲ್ಲಿ 14. ಅಂದರೆ ಸೊಳ್ಳೆಗಳಲ್ಲಿ ಹೆದರಬೇಕಾದದ್ದು ಮುದುಕಿಯರಿಗೆ ಮಾತ್ರ. ಗಂಡುಗಳು ಕಚ್ಚುವುದೇ ಇಲ್ಲ, ಪ್ರಾಯದ ಹೆಣ್ಣುಗಳು ಕಚ್ಚಿದರೂ ಬರೀ ತುರಿಕೆ. ಬಾಳಿನ ಅನುಭವ ಸಂಪಾದಿಸಿದ ಹಿರಿಯ ಹೆಣ್ಣುಗಳ ಕೈಯಲ್ಲೇ ಎಲ್ಲ ಅಧಿಕಾರ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಈ ಏರ್ಪಾಡು ಹೊಸದಲ್ಲ.

1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಇದನ್ನು ಹಿಡಿದೇ ಮಲೇರಿಯಾ ಹರಡುವುದರ ಬಗ್ಗೆ ರಾಸ್ ಹಾಕಿದ್ದ ಲೆಕ್ಕವನ್ನು ತಿದ್ದಿದ್ದು. ಮರಿಗಳನ್ನು ಅರ್ಧಕ್ಕಿಳಿಸಿದರೆ ರೋಗ ಹರಡುವ ಬಲವೂ ಅರ್ಧಕ್ಕಿಳಿದೀತು, ಅಷ್ಟೆ. ಸೊಳ್ಳೆಪರದೆ ಕಟ್ಟಿ ಕಚ್ಚುವುದನ್ನು ಅರ್ಧ ಮಾಡಿದರೆ ಆ ಬಲ ಕಾಲುಭಾಗಕ್ಕಿಳಿಯುತ್ತದೆ. ಸೊಳ್ಳೆ ರೋಗ ಪಡೆಯಲೊಮ್ಮೆ, ಕೊಡಲೊಮ್ಮೆ, ಎರಡು ಸಲ ಕಚ್ಚಬೇಕಲ್ಲವೇ. ಆಯಸ್ಸನ್ನು ಕತ್ತರಿಸಿದರಂತೂ ಪೂರ್ತಿ ನೆಲಕಚ್ಚುತ್ತದೆ. ದಿನಕ್ಕೆ ಹತ್ತರ ಬದಲು ಇಪ್ಪತ್ತು ಸಾಯುವಂತೆ ಗೋಡೆಗೆ ಔಷಧ ಹೊಡೆದರೆ, ಆ 38 ಇದ್ದದ್ದು 13ಕ್ಕೆ ಬರುತ್ತದೆ. ಸೇಲಂ ಅಲ್ಲಾಡದೆ ಕೂತಲ್ಲೇ ಯೇರ್ಕಾಡಾಯಿತು. ನಮ್ಮ ಧಾರವಾಡ, ಕಾರವಾರದ ಕಡೆ 1946ರಲ್ಲಿ ಡಿ.ಕೆ. ವಿಶ್ವನಾಥನ್, ಟಿ. ರಾಮಚಂದ್ರರಾವ್ ಅವರು ಹಳ್ಳಿಹಳ್ಳಿಯ ಗೋಡೆಗೆ ಡಿಡಿಟಿ ಹೊಡೆಸಿ ಫಲ ಕಂಡದ್ದು ಈ ಲೆಕ್ಕ ಅಚ್ಚಾಗುವುದಕ್ಕೂ ಮೊದಲು. 1953ರ ರಾಷ್ಟ್ರೀಯ ಮಲೇರಿಯಾ ಕಾರ್ಯಕ್ರಮಕ್ಕೆ ಅದೂ ಒಂದು ಬುನಾದಿ. ಕೆಲಸ ಮೊದಲು, ಸಿದ್ಧಾಂತ ಆಮೇಲೆ.

ಡಿಡಿಟಿಗೂ ಮುಂಚೆ ಮೈಸೂರಿನ ಕಡೆ ಇನ್ನೊಂದು ಸಾಧನೆಯಾಗಿದೆ, ಅದನ್ನು ನಮ್ಮವರು ಹೇಳಿಕೊಳ್ಳುವುದು ಕಡಿಮೆ. ಬಾವಿ, ತೊಟ್ಟಿಗಳಲ್ಲಿ ಹುಟ್ಟಿ ಪಟ್ಟಣಗಳಿಗೆ ಮಲೇರಿಯಾ ತರುವ ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆಯ ಮೊಟ್ಟೆಗಳ ಮೇಲಿನ ಏಣುಗಳನ್ನು ಸ್ವೀಟ್ ಮತ್ತು ರಾವ್ ಎಂಬಿಬ್ಬರು ಕೂತು ಎಣಿಸಿ, ಏಣು ಕಡಿಮೆಯಿರುವ ಒಂದು ಬಗೆಯನ್ನು ಬೇರೆ ಮಾಡಿ, 1937ರಲ್ಲಿ ಅದಕ್ಕೆ 'ಮೈಸೊರೆನ್ಸಿಸ್' ಎಂದು ಹೆಸರಿಟ್ಟರು. ಮೈಸೂರು ಪಾಕು, ಮೈಸೂರು ಮಲ್ಲಿಗೆ, ಮೈಸೂರು ಸಿಲ್ಕು, ಮೈಸೂರು ಸೊಳ್ಳೆ. ಹಳ್ಳಿಗಾಡಿನದು, ರೋಗ ಹರಡುವುದರಲ್ಲಿ ಅಷ್ಟೇನೂ ಚುರುಕಲ್ಲ ಎಂದು ಅದಕ್ಕೆ ಹೆಸರು. ಮೈಸೂರಿನವರ ನಿಧಾನದ ಬಗ್ಗೆ ಧಾರವಾಡದ ಗೆಳೆಯರು ಏನು ಹೇಳುತ್ತಾರೋ ಅದನ್ನು ನಾನಿಲ್ಲಿ ಬರೆಯುವುದಿಲ್ಲ.

ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ 1934ರಲ್ಲಿ ಅಣೆಕಟ್ಟು ಮುಗಿಯಿತು. ಮಲೇರಿಯಾ ಎದ್ದದ್ದು ಅಲ್ಲೆಲ್ಲೋ ತಂಜಾವೂರಿನ ಪಟ್ಟುಕೋಟೆಯಲ್ಲಿ, ಹೊಸ ಕಾಲುವೆಗಳು ಹರಿದ ಕಡೆ. ರಾಕ್‌ಫೆಲರ್ ಪ್ರತಿಷ್ಠಾನದ ಪಾಲ್ ರಸೆಲ್ ಅಲ್ಲಿ ವರ್ಷಗಟ್ಟಲೆ ಕೂತು ಅಧ್ಯಯನ ಮಾಡಿದ. ನೀರು ಇಲ್ಲಿ ತಡೆದರೆ ಜ್ವರ ಅಲ್ಲಿ. ಇಂಥ ದೂರದ ನಂಟುಗಳನ್ನು ಹಿಡಿಯುವುದೇ ಈ ಲೆಕ್ಕಗಳ ಕಷ್ಟ.

ದೂರದ ನಂಟೆಂದರೆ ಬೆಂಗಳೂರು. ಎರಡು ಊರುಗಳ ನಡುವೆ ಎಷ್ಟು ಜನ ಓಡಾಡುತ್ತಾರೆಂದು ಊಹಿಸಲು ನ್ಯೂಟನ್‌ನ ಗುರುತ್ವಾಕರ್ಷಣೆಯನ್ನೇ ಎರವಲು ತರುತ್ತಾರೆ: ಎರಡೂ ಊರಿನ ಜನಸಂಖ್ಯೆ ಗುಣಿಸಿ, ನಡುವಿನ ದೂರದ ಯಾವುದಾದರೂ ಘಾತದಿಂದ ಭಾಗಿಸಿ. ಈ ಲೆಕ್ಕದಲ್ಲಿ ಧರ್ಮಪುರಿಗೆ ತನ್ನ ಹಿಂದಿನ ಜಿಲ್ಲಾಕೇಂದ್ರ ಸೇಲಂ ಹತ್ತಿರ, ಬೆಂಗಳೂರು ಸುಮಾರು ಎರಡರಷ್ಟು ದೂರ. ಆದರೂ ಬೆಂಗಳೂರಿನ ತೂಕವೇ ಗೆಲ್ಲುತ್ತದೆ. 1965ರಲ್ಲಿ ಸೇಲಂನಿಂದ ಬೇರೆಯಾದ ಈ ಜಿಲ್ಲೆಯ ಕೂಲಿಯವರು, ಮೇಸ್ತ್ರಿಗಳು ಗುಂಪುಗುಂಪಾಗಿ ಬೆಂಗಳೂರಿನ ಕಟ್ಟಡಗಳಿಗೆ ಹೋಗುತ್ತಾರೆ. ಅಲ್ಲಿ ಹೊಸದಾಗಿ ಹಾಕಿದ ಮೋಲ್ಡಿಂಗ್ ಮೇಲೆ ಕ್ಯೂರಿಂಗಿಗೆ ಕಟ್ಟಿದ ನೀರು, ಸಂಪು, ಲಿಫ್ಟಿನ ಗುಂಡಿ. ದೀಪಾವಳಿಗೆ ನಿಲ್ಲಲೂ ಜಾಗವಿಲ್ಲದ ಬಸ್ಸುಗಳಲ್ಲಿ ಊರಿಗೆ ಬರುತ್ತಾರೆ. ಈಶಾನ್ಯ ಮಾರುತದ ಮಳೆಯೂ ಅದೇ ಹೊತ್ತಿಗೆ. ನೂರಿನ್ನೂರು ಮೀಟರ್ ದಾಟದ ಸೊಳ್ಳೆ ಊರಲ್ಲಿ ಕಾದಿರುತ್ತದೆ; ವೈರಸ್ಸು ಪಟಾಕಿ ಡಬ್ಬದ ಜತೆ ಟಿಕೆಟ್ ತೆಗೆಸಿಕೊಂಡು ಬರುತ್ತದೆ. ಜ್ವರ ಏಳುವುದಕ್ಕೂ ಒಂದೆರಡು ದಿನ ಮುಂಚೆಯೇ ಮನುಷ್ಯನ ರಕ್ತದಿಂದ ಸೊಳ್ಳೆಗೆ ಸೋಂಕು ತಗಲಬಹುದಾದ್ದರಿಂದ, ಹೊತ್ತು ತಂದವನಿಗೂ ತಾನು ಏನು ತಂದೆನೆಂದು ಗೊತ್ತಿರುವುದಿಲ್ಲ. ಕುಡುಕನ ಹಾಗೆ ಅಲ್ಲಲ್ಲೇ ಸುತ್ತುವುದು ಸೊಳ್ಳೆ, ಬಾಣದ ಹಾಗೆ ನೆಟ್ಟಗೆ ಹೋಗುವುದು ನಾವು. ರಾಸ್ ಲೆಕ್ಕ ಹಾಕಿದ್ದು ಸೊಳ್ಳೆಯ ನಡೆಯನ್ನು. ಅದು ಸರಿಯೇ ಇದೆ. ಈ ರೋಗ ಊರಿಂದ ಊರಿಗೆ ಹೋಗುವುದು ಸೊಳ್ಳೆಯ ರೆಕ್ಕೆಯಿಂದಲ್ಲ, ಟಿಕೆಟ್ಟಿನಿಂದ.

2017ರಲ್ಲಿ ಈ ಎಲ್ಲವೂ ಒಟ್ಟಾಗಿ ಕೂಡಿಬಂದವು. ತಮಿಳುನಾಡಿನಲ್ಲಿ 23 ಸಾವಿರಕ್ಕೂ ಹೆಚ್ಚು ಡೆಂಗ್ಯೂ ಪ್ರಕರಣಗಳು ದಾಖಲಾದ ವರ್ಷ ಅದು. ಸೇಲಂಗೆ ಬಿದ್ದ ಏಟು ಸಣ್ಣದಲ್ಲ, ಮಕ್ಕಳ ವಾರ್ಡುಗಳು ತುಂಬಿದ್ದವು. ಆ ದಿನಗಳ ಬಗ್ಗೆ ಮಾವ ತಮಾಷೆ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ಬೀದಿಬೀದಿಯಲ್ಲಿ ನೆಲಬೇವಿನ ಕಷಾಯ ಹಂಚಿದರು. ಅದರ ಕಹಿ ಎಂಥದೆಂದರೆ, ಒಂದು ಲೋಟ ಕುಡಿದವನನ್ನು ಸೊಳ್ಳೆಯೂ ಉಗುಳೀತು ಎಂದು ಅತ್ತೆಯ ಅಭಿಪ್ರಾಯ. ಮನೆಮನೆಗೆ ಡಿಬಿಸಿ ಎಂದು ಕರೆಯುವ ತಪಾಸಣೆಯ ಹೆಂಗಸರು ಟಾರ್ಚು ಹಿಡಿದು ಬಂದು, ಡ್ರಮ್ಮಿಗೆ ಬಗ್ಗಿ, ಔಷಧ ಬಿಟ್ಟು, ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಮರಿ ಸಿಕ್ಕ ಮನೆಗೆ, ಅಂಗಡಿಗೆ ದಂಡ. ಕರ್ನಾಟಕದಲ್ಲೂ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಸಾಕುವ ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿದರು. ಹಳ್ಳಿಯ ಸೊಳ್ಳೆಗೆ ಅರ್ಧ ಬೆಲೆ ಏಕೆಂದು ನನಗೆ ಹೊಳೆದಿಲ್ಲ. ಹೊಗೆ ಬಿಡುವ ಯಂತ್ರವೂ ಬರುತ್ತದೆ, ಮಕ್ಕಳು ಹಿಂದೆ ಓಡುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಟ್ಟರೆ ನೆಲದ ಕಾವಿಗೆ ಹೊಗೆಯೆಲ್ಲ ಮೇಲಕ್ಕೇರಿ ಹದ್ದುಗಳಿಗೆ ಔಷಧವಾಗುತ್ತದೆ. ತಂಪು ಗಾಳಿ ನೆಲಕ್ಕೆ ಅಂಟಿಕೊಂಡಿರುವ ಬೆಳಗಿನ ಜಾವ, ಸಂಜೆ ಬಿಟ್ಟರೆ ಮಾತ್ರ ಬೀದಿಯಲ್ಲಿ ನಿಲ್ಲುತ್ತದೆ. ಹಗಲು ಹೊತ್ತೇರಿದ ಮೇಲೆ ಬಂದರೆ ಫೋಟೋ ಚೆನ್ನಾಗಿ ಬರುತ್ತದೆ.

ಇಷ್ಟಾದರೂ ರಾಸ್‌ನ ಒಂದು ಮಾತು ಮಾವನಿಗೆ ಬಹಳ ಹಿಡಿಸಿತು. 1910ರಲ್ಲಿ ಬರೆದ ಪುಸ್ತಕದಲ್ಲಿ ಅವನು ತೋರಿಸಿದ್ದು ಇದು: ಸೊಳ್ಳೆಯನ್ನು ನಿರ್ವಂಶ ಮಾಡಬೇಕಾಗಿಲ್ಲ. ತಲೆಗೆ ಇಷ್ಟು ಎಂಬ ಒಂದು ಮಟ್ಟದ ಕೆಳಗೆ ತಂದರೆ ಸಾಕು, ರೋಗ ತಾನಾಗಿ ಆರಿಹೋಗುತ್ತದೆ. "ಹಾಗಾದ್ರೆ ನಾಲ್ಕು ಬಿಡಬಹುದು" ಎಂದು ಮಾವ ಉದಾರವಾಗಿ ಹೇಳಿ ಮಗ್ಗಕ್ಕೆ ಇಳಿದರು. ಅತ್ತೆ ಸಂಡಿಗೆಗೆ ಬೇರೆ ತಟ್ಟೆ ಹುಡುಕಿದರು, ಡ್ರಮ್ಮಿಗೆ ಮುಚ್ಚಳ ಬಂತು. ಕಪಾಟಿನ ಬಟ್ಟಲಿಗೆ ಉಪ್ಪು ಹಾಕಿದ್ದಾರೆ. ಎಣ್ಣೆಯ ಸಲಹೆಯನ್ನು ಕ್ಷಮಿಸಿಲ್ಲ.

ಅಷ್ಟಕ್ಕೇ ಬಿಡದೆ, ವಾಪಸಾಗುವ ಮುಂಚೆ ಮಾವನ ಜತೆ ಸಂಕಗಿರಿಗೆ ಹೋಗಿದ್ದೆ, ಅವರ ಗೆಳೆಯರೊಬ್ಬರ ಲಾರಿ ಷೆಡ್ಡಿಗೆ. ಲಾರಿಗಳ ಊರು ಅದು. ಹಿಂದುಗಡೆ ಆಳೆತ್ತರಕ್ಕೆ ಹಳೆಯ ಟೈರು ಪೇರಿಸಿದ್ದರು. ಟೈರು ನೀರು ಹಿಡಿಯುವ ರೀತಿಯನ್ನು ಗಮನಿಸಿದ್ದೀರೋ ಇಲ್ಲವೋ: ಮಲಗಿಸಿದರೂ ಹಿಡಿಯುತ್ತದೆ, ನಿಲ್ಲಿಸಿದರೂ ಹಿಡಿಯುತ್ತದೆ, ಬೋರಲು ಹಾಕೋಣವೆಂದರೆ ಅದಕ್ಕೆ ಬೋರಲು ಎಂಬುದೇ ಇಲ್ಲ. ರಾಸ್‌ನ ತೊಟ್ಟಿ ಉಪಾಯ ಇಲ್ಲಿ ನಡೆಯದು. ಒಳಗೆ ಕಪ್ಪು ಕತ್ತಲು, ಬೆಚ್ಚಗಿನ ನೀರು, ಕೊಳೆತ ಎಲೆ. ಹಳೆಯ ಟೈರಿನ ವ್ಯಾಪಾರದಲ್ಲೇ ಏಷ್ಯಾದ ಹುಲಿಸೊಳ್ಳೆ ಸಮುದ್ರ ದಾಟಿ 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ನೆಲೆಯೂರಿದ್ದು. ಒಂದೊಂದಕ್ಕೂ ನಾಲ್ಕು ತೂತು ಕೊರೆದರೆ ನೀರು ನಿಲ್ಲುವುದಿಲ್ಲ ಎಂದೆ.

ಷೆಡ್ಡಿನವರು ಪೂರ್ತಿ ಕೇಳಿಸಿಕೊಂಡರು. "ತೂತು ಹಾಕಿದ್ರೆ ರೀಟ್ರೆಡ್‌ನೋರು ತಗೋತಾರಾ ಸಾರ್?" ಎಂದರು. ಆಮೇಲೆ ನನಗೆ ಬೇಸರವಾಗದಿರಲೆಂದು ಸೇರಿಸಿದರು, "ಚಿಂತೆ ಮಾಡ್ಬೇಡಿ, ಇವು ಇಲ್ಲಿ ಇರೋದೇ ಇಲ್ಲ. ಈ ವಾರ ಲೋಡ್ ಮಾಡಿ ಬೆಂಗಳೂರಿಗೆ ಕಳಿಸ್ತಾ ಇದ್ದೀನಿ."